ಹಿತ್ತಲಲ್ಲಿ ರಾಸ್ಪ್‌ಬೆರಿ: ಬಾಳೆಗಿಡ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ನಮ್ಮ ಮನೆ ಇರೋದು ಸಿಯಾಟಲ್ ಹತ್ತಿರ. ಹಿತ್ತಲಲ್ಲಿ 15 ಅಡಿ ಉದ್ದದ ಒಂದು ರಾಸ್ಪ್‌ಬೆರಿ ಸಾಲಿದೆ. ಜೂನ್ ಮುಗಿಯುತ್ತಾ ಬಂದಾಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಹೋದರೆ, ಒಳಗೆ ಬರುವಷ್ಟರಲ್ಲಿ ಇನ್ನೊಂದು ಕೈಯಲ್ಲಿ ಬಟ್ಟಲು ತುಂಬಿರುತ್ತದೆ. ಅಂಗಡಿಯಿಂದ 6 ಔನ್ಸಿನ ಡಬ್ಬಿ ತಂದು, ಎರಡನೇ ದಿನ ತೆಗೆದರೆ ಅಡಿಯಲ್ಲಿರೋ ಹಣ್ಣಿಗೆ ಬೂಷ್ಟು ಬಂದಿರುತ್ತೆ, ಅಲ್ವಾ? ಈ ಹಣ್ಣು ಗಿಡದಿಂದ ಬಾಯಿಗೆ ಹೋಗಬೇಕಾದದ್ದು. ದೂರ ಪ್ರಯಾಣ ಮಾಡುವ ಜಾತಿ ಅಲ್ಲ. ಅದಕ್ಕೇ ನಾಲ್ಕು ಅಡಿ ಜಾಗ ಇದ್ದವರೂ ಇದನ್ನು ಬೆಳೆಸಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ನಾನು ಇಲ್ಲಿ ಬರೆಯುವ ತಿಂಗಳುಗಳ ಲೆಕ್ಕ ಅಮೆರಿಕದ ವಾಯವ್ಯ ಮೂಲೆಯದ್ದು, ಅಂದರೆ ವಾಷಿಂಗ್ಟನ್, ಒರೆಗಾನ್ ಕಡೆಯದ್ದು. ನ್ಯೂಜೆರ್ಸಿ, ಮಿಶಿಗನ್, ಟೊರಾಂಟೊ, ಇಂಗ್ಲೆಂಡಿನಲ್ಲಿ ಇರೋರು ಎರಡು ಮೂರು ವಾರ ಹಿಂದೆ ಮುಂದೆ ಮಾಡಿಕೊಳ್ಳಿ. ಕೆಲಸ ಅದೇ.

ಊರಲ್ಲಿ ಬೆಳೆಯಬಹುದಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಕೆಂಪು ರಾಸ್ಪ್‌ಬೆರಿಗೆ ಚಳಿ ಬೇಕು. ಸುಮ್ನೆ ಡಿಸೆಂಬರಿನ ಬೆಂಗಳೂರಿನ ಚಳಿ ಅಲ್ಲ. ತಳಿ ನೋಡಿಕೊಂಡು ಸುಮಾರು 800ರಿಂದ 1,800 ಗಂಟೆ ಕಾಲ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ. ಅಷ್ಟು ನಿದ್ದೆ ಆಗದಿದ್ದರೆ ಬೇಸಿಗೆಯಲ್ಲಿ ಹಣ್ಣು ಬಿಡುವ ತಳಿಯ ಮೊಗ್ಗು ಸರಿಯಾಗಿ ಒಡೆಯೋದಿಲ್ಲ. ಮೇಲಿಂದ ನಮ್ಮ ಕಡೆಯ ಏಪ್ರಿಲ್ ಬಿಸಿಲು ಇದಕ್ಕೆ ತಡೆಯೋದಿಲ್ಲ. ಹಾಗಾಗಿ ಬಯಲುಸೀಮೆಯಲ್ಲಾಗಲಿ ಬೆಂಗಳೂರಿನ ತಾರಸಿಯಲ್ಲಾಗಲಿ ದುಡ್ಡು ಕೊಟ್ಟು ಈ ಗಿಡ ತಂದು ನೊಂದುಕೊಳ್ಳಬೇಡಿ.

ಆದರೆ ನಮ್ಮ ಊರಿನ ಹೆಸರನ್ನೇ ಹೊತ್ತ ಒಂದು ರಾಸ್ಪ್‌ಬೆರಿ ಇದೆ. ಮೈಸೂರು ರಾಸ್ಪ್‌ಬೆರಿ. ಸಸ್ಯಶಾಸ್ತ್ರದಲ್ಲಿ ರೂಬಸ್ ನಿವಿಯಸ್. ಭಾರತದ ಬೆಟ್ಟಗಳಲ್ಲಿ ಕಾಡುಗಿಡವಾಗಿಯೇ ಬೆಳೆಯುತ್ತೆ. ಕಡ್ಡಿಯ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪುಡಿ, ಕೊಕ್ಕೆಯಂಥ ಮುಳ್ಳು, ಹಣ್ಣು ಮೊದಲು ಕೆಂಪಾಗಿ ಆಮೇಲೆ ಕಪ್ಪು ನೇರಳೆ ಆಗುತ್ತೆ. ಇದಕ್ಕೆ ಅಷ್ಟೆಲ್ಲ ಚಳಿ ಬೇಡ. ಫ್ಲೋರಿಡಾದ ದಕ್ಷಿಣ ಭಾಗದಲ್ಲಿ, ಕೆಂಪು ರಾಸ್ಪ್‌ಬೆರಿ ಬಾರದ ಕಡೆ, ಜನ ಇದನ್ನೇ ಹಿತ್ತಲಲ್ಲಿ ಬೆಳೆಯುತ್ತಾರೆ. ಬೆಟ್ಟದ ಸೀಮೆಯಲ್ಲಿ ಮನೆ ಇರೋರು ಇದನ್ನು ಪ್ರಯತ್ನಿಸಬಹುದು. ಒಂದೇ ಎಚ್ಚರಿಕೆ: ಹಕ್ಕಿ ತಿಂದು ಬೀಜ ಬೀಳಿಸಿದ ಕಡೆಯೆಲ್ಲ ಏಳುತ್ತೆ. ಗ್ಯಾಲಪಗೋಸ್ ದ್ವೀಪಗಳಲ್ಲಿ ಇದು ಕಾಡನ್ನೇ ನುಂಗುವ ಕಳೆಯಾಗಿದೆ. ಹವಾಯಿಯಲ್ಲೂ ಇದರ ಕಾಟ ಇದೆ. ಆದ್ದರಿಂದ ಹೊರದೇಶದಲ್ಲಿ ಇರೋರು ಸ್ಥಳೀಯ ನಿಯಮ ನೋಡದೆ ಬೀಜ ತರಿಸಬೇಡಿ.

ಗಿಡದ ಲೆಕ್ಕ ಮೊದಲು ಅರ್ಥ ಆಗಲಿ

ಗುಂಡಿ ತೋಡುವ ಮೊದಲು ಇದೊಂದು ತಿಳಿದುಕೊಳ್ಳಿ. ಇದು ತಿಳಿಯದೆ ನಾನು ಒಂದು ಇಡೀ ವರ್ಷದ ಬೆಳೆ ಕಳೆದುಕೊಂಡಿದ್ದೇನೆ.

ಬಾಳೆಗಿಡ ನೆನಪು ಮಾಡಿಕೊಳ್ಳಿ. ಗೊನೆ ಬಿಟ್ಟ ಬಾಳೆ ಇನ್ನೊಂದು ಸಲ ಗೊನೆ ಬಿಡೋದಿಲ್ಲ. ಅದನ್ನು ಕಡಿದು ಹಾಕಿ, ಬುಡದಲ್ಲಿ ಎದ್ದ ಕಂದುಗಳಲ್ಲಿ ಒಳ್ಳೆಯದನ್ನು ಉಳಿಸಿಕೊಳ್ಳುತ್ತೇವೆ. ರಾಸ್ಪ್‌ಬೆರಿಯೂ ಹೀಗೇ. ಬೇರು ಹತ್ತು ಹದಿನೈದು ವರ್ಷ ಬದುಕುತ್ತೆ. ಮೇಲಿನ ಕಡ್ಡಿಯ ಆಯಸ್ಸು ಎರಡೇ ವರ್ಷ. ಇಲ್ಲಿ ಅದನ್ನು ಕೇನ್ ಅಂತಾರೆ, ನಾನು ಕಡ್ಡಿ ಅಂತಲೇ ಬರೆಯುತ್ತೇನೆ. ಮೊದಲನೇ ವರ್ಷ ಮಣ್ಣಿನಿಂದ ಎದ್ದು ಎತ್ತರ ಬೆಳೆಯುತ್ತೆ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತೆ. ಎರಡನೇ ವರ್ಷ ಪಕ್ಕದ ರೆಂಬೆ ಒಡೆದು, ಹೂ ಬಿಟ್ಟು, ಹಣ್ಣು ಕೊಟ್ಟು ಒಣಗಿ ಹೋಗುತ್ತೆ. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಮುಂದಿನ ವರ್ಷದ ಹೊಸ ಕಡ್ಡಿಗಳು ಎದ್ದು ನಿಂತಿರುತ್ತವೆ. ಅಂದರೆ ಬೇಸಿಗೆಯಲ್ಲಿ ಯಾವಾಗ ನೋಡಿದರೂ ಸಾಲಿನಲ್ಲಿ ಎರಡು ವಯಸ್ಸಿನ ಕಡ್ಡಿಗಳು ಒಟ್ಟಿಗೆ ಇರುತ್ತವೆ. ಹೊಸದು ಹಸಿರು, ಮೆತ್ತಗೆ. ಹಳೆಯದು ಕಂದು ಬಣ್ಣ, ತೊಗಟೆ ಸಿಪ್ಪೆ ಎದ್ದಿರುತ್ತೆ.

ಇದು ಬೇಸಿಗೆಯಲ್ಲಿ ಹಣ್ಣು ಬಿಡುವ ತಳಿಗಳ ಕತೆ. ಇನ್ನೊಂದು ಬಗೆ ಇದೆ, ಶರತ್ಕಾಲದ ತಳಿ. ಇದು ಅವಸರದ ಜಾತಿ. ಹೊಸ ಕಡ್ಡಿ ಎದ್ದ ವರ್ಷವೇ, ಆಗಸ್ಟಿನಿಂದ ಹಿಮ ಬೀಳುವವರೆಗೆ, ಕಡ್ಡಿಯ ತುದಿ ಭಾಗದಲ್ಲಿ ಹಣ್ಣು ಬಿಡುತ್ತೆ. ಅದೇ ಕಡ್ಡಿಯನ್ನು ಉಳಿಸಿಕೊಂಡರೆ ಮುಂದಿನ ಜೂನಿನಲ್ಲಿ ಕೆಳಗಿನ ಭಾಗದಲ್ಲಿ ಇನ್ನೊಂದು ಬೆಳೆ.

ನನಗೆ ಮೊದಲ ಗಿಡ ಸಿಕ್ಕಿದ್ದು ಪರಿಚಯದವರೊಬ್ಬರಿಂದ. ತಳಿಯ ಹೆಸರು ಅವರಿಗೂ ಗೊತ್ತಿರಲಿಲ್ಲ, ನಾನೂ ಕೇಳಲಿಲ್ಲ. ಯಾರೋ ಫೆಬ್ರವರಿಯಲ್ಲಿ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಬೇಕು ಅಂದರು. ಕತ್ತರಿಸಿದೆ. ಆ ವರ್ಷ ಏಳಡಿ ಎತ್ತರದ ಚೆಂದದ ಹಸಿರು ಕಡ್ಡಿಗಳು ಬಂದವು, ಒಂದೇ ಒಂದು ಹಣ್ಣು ಬರಲಿಲ್ಲ. ಅದು ಬೇಸಿಗೆ ತಳಿಯಾಗಿತ್ತು. ಆ ವರ್ಷ ಹಣ್ಣು ಕೊಡಬೇಕಾಗಿದ್ದ ಕಡ್ಡಿಗಳನ್ನೇ ನಾನು ಕತ್ತರಿಸಿ ಎಸೆದಿದ್ದೆ. ನೆಲಮಟ್ಟಕ್ಕೆ ಸವರುವ ಮಾತು ಶರತ್ಕಾಲದ ತಳಿಗೆ ಸರಿ, ಬೇಸಿಗೆ ತಳಿಗೆ ಅಲ್ಲ.

ಯಾವ ತಳಿ?

ಬೇಸಿಗೆಯದ್ದರಲ್ಲಿ ಮೀಕರ್ ಇಲ್ಲಿನ ಹಳೆಯ ನೆಚ್ಚಿನ ತಳಿ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ 1967ರಲ್ಲಿ ಬಿಡುಗಡೆ ಮಾಡಿದ್ದು. ನಮ್ಮಿಂದ ಉತ್ತರಕ್ಕೆ ಕೆನಡಾ ಗಡಿಯ ಹತ್ತಿರ ಲಿಂಡನ್ ಅಂತ ಊರಿದೆ, ವಾಟ್ಕಮ್ ಕೌಂಟಿಯಲ್ಲಿ. ಅಮೆರಿಕದ ಫ್ರೋಜನ್ ರಾಸ್ಪ್‌ಬೆರಿಯ ಬಹುಪಾಲು ಆ ಸುತ್ತಿನದ್ದೇ. ಅಲ್ಲಿಯ ತೋಟಗಳಲ್ಲಿ ಮೀಕರ್ ತುಂಬಾ ಕಾಲ ರಾಜನಂತೆ ಇತ್ತು. ರುಚಿಗೆ ಎರಡು ಮಾತಿಲ್ಲ, ಆದರೆ ನೀರು ನಿಲ್ಲುವ ಮಣ್ಣಿನಲ್ಲಿ ಬೇರು ಬೇಗ ಕೊಳೆಯುತ್ತೆ. ಜೇಡಿ ಮಣ್ಣು ಇರೋರಿಗೆ ಅದೇ ಯೂನಿವರ್ಸಿಟಿಯ ಕ್ಯಾಸ್ಕೇಡ್ ಡಿಲೈಟ್ ಮೇಲು, ಬೇರು ಕೊಳೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತೆ. ಬ್ರಿಟಿಷ್ ಕೊಲಂಬಿಯಾದ ಟುಲಮೀನ್ ಹಣ್ಣು ದಪ್ಪ, ಸಿಹಿ, ಪರಿಮಳ. ತೀರಾ ಚಳಿ ಬೀಳುವ ಕಡೆ ಮಾತ್ರ ಅದು ಬೇಡ.

ಶರತ್ಕಾಲದ್ದರಲ್ಲಿ ಹೆರಿಟೇಜ್ ಎಲ್ಲ ಕಡೆ ಸಿಗುತ್ತೆ. ನ್ಯೂಯಾರ್ಕಿನ ಜಿನೀವಾದಲ್ಲಿ ಬೆಳೆಸಿ 1969ರಲ್ಲಿ ಬಿಟ್ಟ ತಳಿ. ಆದರೆ ತಡವಾಗಿ ಹಣ್ಣಾಗುತ್ತೆ, ನಮ್ಮ ಕಡೆ ಅಕ್ಟೋಬರ್ ಮಳೆ ಶುರುವಾದ ಮೇಲೂ ಅರ್ಧ ಹಣ್ಣು ಕಾಯಿಯಾಗೇ ಇರುತ್ತೆ. ಕ್ಯಾರೊಲಿನ್ ಅದಕ್ಕಿಂತ ಬೇಗ ಬರುತ್ತೆ, ರುಚಿಯೂ ಗಟ್ಟಿ. ಹಳದಿ ಹಣ್ಣು ಬೇಕಾದರೆ ಆ್ಯನ್. ಹಕ್ಕಿಗಳ ಕಣ್ಣಿಗೆ ಅದು ಕೆಂಪಿನಷ್ಟು ಬೀಳೋದಿಲ್ಲ ಅಂತ ನನಗೆ ಅನಿಸಿದೆ.

ಮೊದಲ ಸಲ ಬೆಳೆಯೋರಿಗೆ ನನ್ನ ಸಲಹೆ ಶರತ್ಕಾಲದ ತಳಿ. ಸವರುವ ಕೆಲಸ ಹತ್ತು ನಿಮಿಷದ್ದು, ತಪ್ಪಾಗುವ ಭಯ ಇಲ್ಲ, ನೆಟ್ಟ ವರ್ಷವೇ ಸ್ವಲ್ಪ ಹಣ್ಣು ನೋಡಬಹುದು. ಬೇಸಿಗೆ ತಳಿ ಎರಡನೇ ವರ್ಷ ಸ್ವಲ್ಪ, ಮೂರನೇ ವರ್ಷ ಪೂರ್ತಿ ಕೊಡುತ್ತೆ. ನಾಲ್ಕು ಜನರ ಮನೆಗೆ ಐದಾರು ಗಿಡ ಸಾಕು. ಪರಾಗಕ್ಕೆ ಬೇರೆ ತಳಿ ಬೇಕಿಲ್ಲ, ಒಂದೇ ತಳಿ ಇದ್ದರೂ ಕಾಯಿ ಕಟ್ಟುತ್ತೆ.

ಕೊಳ್ಳುವಾಗ ವೈರಸ್ ಇಲ್ಲದ ಪ್ರಮಾಣಿತ ಗಿಡ ಅಂತ ನಮೂದಿಸಿದ ನರ್ಸರಿಯಿಂದಲೇ ಕೊಳ್ಳಿ. ರಾಸ್ಪ್‌ಬೆರಿಗೆ ವೈರಸ್ ಹತ್ತಿದರೆ ಔಷಧಿ ಇಲ್ಲ. ಕಿತ್ತು ಹಾಕೋದೇ ದಾರಿ.

ಜಾಗ ಮತ್ತು ಮಣ್ಣು: ಇಲ್ಲೇ ಗಿಡ ಉಳಿಯೋದು, ಇಲ್ಲೇ ಸಾಯೋದು

ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಹಾಕಿದ್ದ ಮಡಿಯಲ್ಲಿ ಮೂರು ನಾಲ್ಕು ವರ್ಷ ರಾಸ್ಪ್‌ಬೆರಿ ನೆಡಬೇಡಿ. ಈ ನಾಲ್ಕಕ್ಕೂ ಬರುವ ವರ್ಟಿಸಿಲಿಯಮ್ ಅನ್ನೋ ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲೇ ಉಳಿದು ರಾಸ್ಪ್‌ಬೆರಿಗೂ ಹತ್ತುತ್ತೆ. ನಮ್ಮವರ ಹಿತ್ತಲಲ್ಲಿ ಬದನೆ, ಮೆಣಸು ಇಲ್ಲದ ಮಡಿ ಸಿಗೋದೇ ಕಷ್ಟ. ಹಾಗಾಗಿ ಬೇಲಿ ಬದಿಯ ಹುಲ್ಲು ತೆಗೆದು ಹೊಸ ಜಾಗ ಮಾಡಿಕೊಳ್ಳೋದು ಒಳ್ಳೇದು. ಸುತ್ತ ಕಾಡು ಬ್ಲ್ಯಾಕ್‌ಬೆರಿ ಪೊದೆ ಇದ್ದರೆ ಆದಷ್ಟು ಕಿತ್ತು ಹಾಕಿ, ರೋಗಗಳು ಅಲ್ಲಿಂದ ಬರುತ್ತವೆ. ಇಲ್ಲಿ ರಸ್ತೆ ಬದಿಯಲ್ಲೆಲ್ಲ ಹಬ್ಬಿರುವ ಆ ಪೊದೆಗೆ ಹಿಮಾಲಯನ್ ಬ್ಲ್ಯಾಕ್‌ಬೆರಿ ಅಂತ ಹೆಸರು. ಲೂಥರ್ ಬರ್ಬ್ಯಾಂಕ್ ಎಂಬ ಸಸ್ಯತಜ್ಞ 1885ರಲ್ಲಿ ಭಾರತದಿಂದ ಬಂದ ಬೀಜದಿಂದ ಅದನ್ನು ಬೆಳೆಸಿ ಹಾಗೆ ಕರೆದ. ನಿಜಕ್ಕೂ ಅದರ ತವರು ಅರ್ಮೇನಿಯಾ, ಉತ್ತರ ಇರಾನಿನ ಕಡೆ. ಹಿಮಾಲಯಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನೀರು ಬಸಿಯುವ ವಿಷಯ. ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣು ಹೆರೆದು ಹಾಕಿ ಮನೆ ಕಟ್ಟಿರುತ್ತಾರೆ. ಅರ್ಧ ಅಡಿ ಕೆಳಗೆ ಗುದ್ದಲಿ ಠಣ್ ಅನ್ನುತ್ತೆ. ಚಳಿಗಾಲದ ಮಳೆ ಅಲ್ಲೇ ನಿಲ್ಲುತ್ತೆ. ನಾನು ಎರಡನೇ ಸಲ ನೆಟ್ಟ ಗಿಡಗಳು ಅಂಥ ಜಾಗದಲ್ಲಿದ್ದವು. ಮೇ ತಿಂಗಳಲ್ಲಿ ಚೆನ್ನಾಗಿ ಚಿಗುರಿದ್ದವು, ಜೂನ್ ಬಿಸಿಲಿಗೆ ಎರಡು ಗಿಡ ಬಾಡಿದವು. ನೀರು ಕಡಿಮೆ ಆಯಿತೇನೋ ಅಂತ ಇನ್ನಷ್ಟು ಹೊಯ್ದೆ. ಸತ್ತವು. ಕಿತ್ತು ನೋಡಿದೆ. ಸಣ್ಣ ಬೇರು ಒಂದೂ ಇರಲಿಲ್ಲ. ದಪ್ಪ ಬೇರಿನ ಸಿಪ್ಪೆಯನ್ನು ಉಗುರಿನಲ್ಲಿ ಕೆರೆದರೆ ಒಳಗೆ ಬಿಳಿ ಇರಬೇಕು. ನನ್ನದರಲ್ಲಿ ಬುಡದ ಹತ್ತಿರ ಬಿಳಿ, ಸ್ವಲ್ಪ ಕೆಳಗೆ ಗೆರೆ ಕೊಯ್ದ ಹಾಗೆ ಇಟ್ಟಿಗೆ ಕೆಂಪು, ಅದರಾಚೆ ಕಡು ಕಂದು. ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ರೋಗಾಣು ತರುವ ಬೇರು ಕೊಳೆಯ ಗುರುತು ಇದು.

ಸಾಗರದಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಸಿಗಾಲುವೆ ತೆಗೆದಿದ್ದೀಯೇನೋ?" ಅಡಿಕೆ ತೋಟದಲ್ಲಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗವೂ ಫೈಟಾಫ್ತೊರಾ ಕುಲದ್ದೇ. ಅಲ್ಲಿ ಅದು ಕಾಯಿಗೆ ಬರುತ್ತೆ, ಇಲ್ಲಿ ಬೇರಿಗೆ. ಎರಡಕ್ಕೂ ಬೇಕಾದದ್ದು ಬಿಡದ ತೇವ.

ನೆಡುವ ಜಾಗದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ ನೀರು ನಾಲ್ಕೈದು ಗಂಟೆಯಾದರೂ ಇಂಗದಿದ್ದರೆ ನೆಲದಲ್ಲಿ ನೆಡಬೇಡಿ. 10-12 ಇಂಚು ಎತ್ತರದ ಏರುಮಡಿ ಮಾಡಿ. ಮರದ ಚೌಕಟ್ಟು ಬೇಕೆಂದೇ ಇಲ್ಲ, ಮಣ್ಣು ಮತ್ತು ಕಂಪೋಸ್ಟ್ ಸೇರಿಸಿ ದಿಬ್ಬ ಮಾಡಿದರೂ ಆಯಿತು. ಮೇಲ್ಭಾಗ ಎರಡು ಅಡಿ ಅಗಲ ಇರಲಿ. ಮಣ್ಣಿನ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ ಅನ್ನೋ ಅಳತೆ, 5.5ರಿಂದ 6.5ರ ಒಳಗೆ ಇದ್ದರೆ ಸರಿ. ನಮ್ಮ ಕಡೆ ಮಳೆ ಜಾಸ್ತಿ, ಮಣ್ಣು ಹುಳಿ, ಹಾಗಾಗಿ ಕೆಲವರಿಗೆ ಸುಣ್ಣ ಬೇಕಾಗುತ್ತೆ. ಮಣ್ಣು ಪರೀಕ್ಷೆ ಮಾಡಿಸದೆ ಮಾತ್ರ ಹಾಕಬೇಡಿ.

ನೆಡುವುದು

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಬರಿಬೇರಿನ ಗಿಡ ಸಿಗುತ್ತವೆ. ನೋಡೋಕೆ ಒಣಗಿದ ಕಡ್ಡಿಗೆ ನಾಲ್ಕು ಬೇರು ಅಂಟಿಸಿದ ಹಾಗಿರುತ್ತೆ, ಗಾಬರಿ ಬೇಡ. ಬಂದ ದಿನವೇ ನೆಡಿ. ನೆಡುವ ಮೊದಲು ಒಂದೆರಡು ಗಂಟೆ ಬೇರನ್ನು ಬಕೆಟ್ ನೀರಿನಲ್ಲಿ ಇಡಿ, ರಾತ್ರಿಯಿಡೀ ಬೇಡ. ಬೇರು ಬಿಸಿಲಿಗೆ ಒಣಗಬಾರದು, ಒದ್ದೆ ಗೋಣಿಯೋ ಬಟ್ಟೆಯೋ ಮುಚ್ಚಿಕೊಂಡು ಒಂದೊಂದೇ ತೆಗೆದು ನೆಡಿ.

ಗಿಡದಿಂದ ಗಿಡಕ್ಕೆ ಎರಡು, ಎರಡೂವರೆ ಅಡಿ. ಎರಡು ಸಾಲು ಮಾಡುವುದಾದರೆ ನಡುವೆ ಎಂಟು ಅಡಿ. ಅಷ್ಟೊಂದಾ ಅನಿಸುತ್ತೆ, ಮೂರನೇ ವರ್ಷ ಗೊತ್ತಾಗುತ್ತೆ. ಗುಂಡಿ ಆಳ ಬೇಡ. ಅಗಲ ಇರಲಿ. ಬೇರನ್ನು ಬೀಸಣಿಗೆಯ ಹಾಗೆ ಹರಡಿ, ಮೇಲಿನ ಬೇರಿನ ಮೇಲೆ ಒಂದೆರಡು ಇಂಚು ಮಣ್ಣು ಬರುವಷ್ಟು ಮುಚ್ಚಿ, ಅಂಗೈಯಿಂದ ಒತ್ತಿ, ನೀರು ಹಾಕಿ. ಆಮೇಲೆ ಕಡ್ಡಿಯನ್ನು ಆರು ಇಂಚಿಗೆ ಕತ್ತರಿಸಿ. ಕೈ ಬರೋದಿಲ್ಲ, ಗೊತ್ತು. ಆದರೆ ನಮಗೆ ಬೇಕಾದದ್ದು ಬೇರಿನಿಂದ ಏಳುವ ಹೊಸ ಕಂದು, ಈ ಹಳೆ ಕಡ್ಡಿ ಅಲ್ಲ. ಕುಂಡದಲ್ಲಿ ಎಲೆ ಸಮೇತ ಬಂದ ಗಿಡವಾದರೆ ಕತ್ತರಿಸೋದು ಬೇಡ, ಕುಂಡದಲ್ಲಿದ್ದ ಮಟ್ಟಕ್ಕೇ ನೆಟ್ಟರೆ ಸಾಕು.

ಮೊದಲ ವರ್ಷ ಗೊಬ್ಬರ ಕೈ ಹಿಡಿದು ಹಾಕಿ. ಗುಂಡಿಗೆ ರಸಗೊಬ್ಬರ ಸುರಿದರೆ ಎಳೆ ಬೇರು ಸುಟ್ಟುಹೋಗುತ್ತೆ.

ಆಸರೆ

ಸಾಲಿನ ಎರಡು ತುದಿಗೆ ಗಟ್ಟಿ ಕಂಬ, ಬೇಸಿಗೆ ತಳಿಗೆ ಎರಡೂವರೆ ಅಡಿ ಮತ್ತು ಐದು ಅಡಿ ಎತ್ತರದಲ್ಲಿ ಎರಡು ತಂತಿ. ಕಡ್ಡಿಗಳನ್ನು ಅದಕ್ಕೆ ಸಡಿಲವಾಗಿ ಕಟ್ಟಬೇಕು. ಶರತ್ಕಾಲದ ತಳಿಗೆ ಇಷ್ಟೂ ಬೇಡ, ಮೂರು ಅಡಿ ಎತ್ತರದಲ್ಲಿ ಸಾಲಿನ ಎರಡೂ ಬದಿಗೆ ಒಂದೊಂದು ಹಗ್ಗ ಎಳೆದು ಗಿಡಗಳು ನಡುವೆ ನಿಲ್ಲುವ ಹಾಗೆ ಮಾಡಿದರೆ ಆಯಿತು. ಕಂಬ ಮೊದಲ ವರ್ಷವೇ ಹುಗಿಯಿರಿ. ಬೇರು ಹಬ್ಬಿದ ಮೇಲೆ ಹುಗಿಯೋಕೆ ಹೋದರೆ ಅರ್ಧ ಬೇರು ಕಡಿದುಹೋಗುತ್ತೆ.

ನೀರು, ಮುಚ್ಚಿಗೆ, ಗೊಬ್ಬರ

ರಾಸ್ಪ್‌ಬೆರಿ ಬೇರು ಮೇಲ್ಮೇಲೆ ಇರುತ್ತೆ. ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ. ಹಾಗಾಗಿ ಬೇಗ ಒಣಗುತ್ತೆ. ಬೇಸಿಗೆಯಲ್ಲಿ ವಾರಕ್ಕೆ ಒಂದರಿಂದ ಒಂದೂವರೆ ಇಂಚು ನೀರು ಬೇಕು. ಹಣ್ಣು ಬಲಿಯುವಾಗ ನೀರು ತಪ್ಪಿದರೆ ಹಣ್ಣು ಬಟಾಣಿ ಗಾತ್ರಕ್ಕೇ ನಿಂತುಬಿಡುತ್ತೆ. ಡ್ರಿಪ್ ಪೈಪ್ ಒಂದು ಎಳೆದುಬಿಡಿ. ಸ್ಪ್ರಿಂಕ್ಲರ್ ಬೇಡ, ಎಲೆ ಹಣ್ಣು ಒದ್ದೆಯಾದರೆ ಬೂಷ್ಟಿಗೆ ಕರೆದು ಮಣೆ ಹಾಕಿದ ಹಾಗೆ.

ಮುಚ್ಚಿಗೆ ಎರಡು ಮೂರು ಇಂಚು. ಮರದ ಚೂರು, ಒಣಹುಲ್ಲು, ತರಗೆಲೆ ಯಾವುದಾದರೂ ಆಗುತ್ತೆ. ಮರದ ಹೊಟ್ಟು ಹಾಕಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತೆ, ಎಲೆ ಹಳದಿಯಾದರೆ ಸ್ವಲ್ಪ ಗೊಬ್ಬರ ಜಾಸ್ತಿ ಕೊಡಿ. ಕಡ್ಡಿಯ ಬುಡಕ್ಕೆ ತಾಗಿಸಿ ಗುಡ್ಡೆ ಹಾಕಬೇಡಿ. ಕಳೆ ಕೀಳೋಕೆ ಗುದ್ದಲಿ ಆಳಕ್ಕೆ ಹಾಕಲೂಬೇಡಿ. ಕೈಯಲ್ಲೇ ಕೀಳಿ.

ಎರಡನೇ ವರ್ಷದಿಂದ ಮಾರ್ಚ್‌ನಲ್ಲಿ ಚಿಗುರು ಕಾಣುವಾಗ ಒಂದು ಇಂಚು ಕಂಪೋಸ್ಟ್, ಜೊತೆಗೆ ಸಾವಯವ ಗೊಬ್ಬರ ಒಂದು ಕಂತು, ಮೇ ಕೊನೆಗೆ ಇನ್ನೊಂದು ಕಂತು. ಜುಲೈ ಆದ ಮೇಲೆ ಸಾರಜನಕ ಕೊಡಬೇಡಿ. ತಡವಾಗಿ ಕೊಟ್ಟರೆ ಗಿಡ ಎಳೆ ಚಿಗುರು ಹಾಕುತ್ತಾ ಕೂರುತ್ತೆ, ಮೊದಲ ಹಿಮಕ್ಕೆ ಅದೆಲ್ಲ ಸುಟ್ಟುಹೋಗುತ್ತೆ.

ಸವರುವ ಕೆಲಸ

ಶರತ್ಕಾಲದ ತಳಿ: ಫೆಬ್ರವರಿಯಲ್ಲಿ, ಮೊಗ್ಗು ಒಡೆಯುವ ಮೊದಲು, ಎಲ್ಲ ಕಡ್ಡಿಗಳನ್ನೂ ನೆಲಕ್ಕೆ ಸಮ ಕತ್ತರಿಸಿ. ಮೋಟು ಉಳಿಸಬೇಡಿ. ಮುಗಿಯಿತು. ಜೂನಿನ ಬೆಳೆಯೂ ಬೇಕು ಅನ್ನೋರು ಪೂರ್ತಿ ಕತ್ತರಿಸದೆ, ಹಣ್ಣು ಬಿಟ್ಟ ತುದಿ ಭಾಗ ಮಾತ್ರ ತೆಗೆದು ಕೆಳಗಿನದ್ದು ಬಿಡಬಹುದು. ನಾನು ಎರಡು ವರ್ಷ ಮಾಡಿ ನೋಡಿ ಬಿಟ್ಟೆ. ಎರಡೂ ಬೆಳೆ ಸೊರಗುತ್ತವೆ, ಸಾಲು ಪೊದೆಯಾಗಿ ಗಾಳಿ ಆಡೋದಿಲ್ಲ.

ಬೇಸಿಗೆ ತಳಿಯ ಕೆಲಸ ಎರಡು ಸಲ. ಮೊದಲನೆಯದು ಜುಲೈ ಕೊನೆ ಅಥವಾ ಆಗಸ್ಟಿನಲ್ಲಿ, ಹಣ್ಣು ಮುಗಿದ ಕೂಡಲೇ. ಹಣ್ಣು ಕೊಟ್ಟ ಕಡ್ಡಿಗಳನ್ನು ನೆಲಮಟ್ಟಕ್ಕೆ ತೆಗೆಯಿರಿ. ಆಗ ಗುರುತು ಹಿಡಿಯೋದು ಸುಲಭ: ಕಂದು ಬಣ್ಣ, ಪಕ್ಕದ ರೆಂಬೆಯ ತುದಿಯಲ್ಲಿ ಹಣ್ಣು ಕಳಚಿದ ಬಿಳಿ ತೊಟ್ಟುಗಳು ಇನ್ನೂ ಇರುತ್ತವೆ. ಮುಂದಕ್ಕೆ ಹಾಕಬೇಡಿ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಹೊಸದು ಯಾವುದು ಹಳೆಯದು ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತೆ. ಮೊದಲೆರಡು ವರ್ಷ ಧೈರ್ಯ ಸಾಲದಿದ್ದರೆ ನಾನು ಮಾಡಿದ ಹಾಗೆ ಮಾಡಿ. ಜೂನಿನಲ್ಲಿ ಹೊಸ ಹಸಿರು ಕಡ್ಡಿಗಳಿಗೆ ಒಂದೊಂದು ಬಣ್ಣದ ದಾರ ಸಡಿಲವಾಗಿ ಕಟ್ಟಿಬಿಡಿ. ಕತ್ತರಿ ಹಿಡಿದಾಗ ದಾರ ಇರೋದನ್ನು ಮುಟ್ಟಬೇಡಿ.

ಎರಡನೆಯದು ಫೆಬ್ರವರಿ ಕೊನೆಯಲ್ಲಿ. ಉಳಿದ ಕಡ್ಡಿಗಳಲ್ಲಿ ಸಪೂರದ್ದು, ಮುರಿದದ್ದು, ಗಾಯ ಆದದ್ದು ತೆಗೆದು, ಸಾಲಿನ ಒಂದು ಅಡಿಗೆ ನಾಲ್ಕೈದು ಗಟ್ಟಿ ಕಡ್ಡಿ ಮಾತ್ರ ಬಿಡಿ. ಪೆನ್ಸಿಲಿಗಿಂತ ಸಪೂರ ಇರೋದು ಹೋಗಲಿ. ಬಿಟ್ಟದ್ದನ್ನು ತಂತಿಗೆ ಕಟ್ಟಿ. ತುದಿ ಆರು ಅಡಿ ದಾಟಿದರೆ ಅಲ್ಲಿಗೆ ಕತ್ತರಿಸಿ, ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಇಷ್ಟೊಂದು ಕಡ್ಡಿ ಕಿತ್ತರೆ ಹಣ್ಣು ಕಡಿಮೆ ಆಗೋದಿಲ್ವಾ ಅಂತ ಮನೆಯವರು ಕೇಳುತ್ತಾರೆ. ಇಲ್ಲ. ಬಾಳೆಯ ಬುಡದಲ್ಲಿ ಎಲ್ಲ ಕಂದೂ ಬಿಟ್ಟರೆ ಗೊನೆ ಹೇಗೆ ಬರುತ್ತೆ ಅಂತ ನೋಡಿದ್ದೇವಲ್ಲ.

ಸಾಲಿನ ಅಗಲ ಒಂದರಿಂದ ಒಂದೂವರೆ ಅಡಿ ದಾಟದ ಹಾಗೆ ನೋಡಿಕೊಳ್ಳಿ. ಆಚೆ ಎದ್ದ ಕಂದುಗಳನ್ನು ಬೇಸಿಗೆಯಿಡೀ ಸವರುತ್ತಿರಬೇಕು. ಬಿಟ್ಟರೆ ಪಕ್ಕದ ಮನೆಯ ಹುಲ್ಲಿನಲ್ಲಿ ಏಳುತ್ತೆ.

ಕತ್ತರಿಸಿದ ಕಡ್ಡಿಗಳನ್ನು ಸಾಲಿನ ಪಕ್ಕ ಗುಡ್ಡೆ ಹಾಕಬೇಡಿ. ರೋಗ, ಹುಳು ಅಲ್ಲೇ ಚಳಿಗಾಲ ಕಳೆಯುತ್ತವೆ.

ಹೂ, ಜೇನು, ಬಿಸಿಲು

ಮೇ ತಿಂಗಳಲ್ಲಿ ಹೂ. ನೋಡೋಕೆ ಸಣ್ಣ, ಬಿಳಿ, ಗಮನಕ್ಕೇ ಬರೋದಿಲ್ಲ, ಆದರೆ ದುಂಬಿ, ಜೇನು ಬಿಡೋದಿಲ್ಲ. ಒಂದು ರಾಸ್ಪ್‌ಬೆರಿ ಅಂದರೆ ಒಂದು ಹಣ್ಣಲ್ಲ. ನೂರರ ಆಸುಪಾಸಿನಲ್ಲಿ ಪುಟ್ಟ ಪುಟ್ಟ ರಸದ ಗುಳ್ಳೆಗಳು, ಒಂದೊಂದರಲ್ಲಿ ಒಂದೊಂದು ಬೀಜ. ಪ್ರತಿ ಗುಳ್ಳೆಗೂ ಬೇರೆಯಾಗಿ ಪರಾಗ ಸಿಗಬೇಕು. ಅರ್ಧಕ್ಕೆ ಸಿಗದಿದ್ದರೆ ಹಣ್ಣು ಸೊಟ್ಟಗಾಗಿ ಕೈಯಲ್ಲಿ ಉದುರಿಹೋಗುತ್ತೆ. ಆದ್ದರಿಂದ ಹೂ ಇರುವಾಗ ಯಾವ ಕೀಟನಾಶಕವನ್ನೂ ಹೊಡೆಯಬೇಡಿ. ಜೇನು ಚೆನ್ನಾಗಿ ಓಡಾಡಿದರೂ ವರ್ಷ ವರ್ಷ ಹಣ್ಣು ಉದುರು ಉದುರಾಗಿದ್ದರೆ ಅದು ವೈರಸ್ ಇರಬಹುದು.

2021ರ ಜೂನ್ ಕೊನೆಯ ಬಿಸಿಗಾಳಿ ಈ ಕಡೆಯವರಿಗೆ ನೆನಪಿರುತ್ತೆ. ಸಿಯಾಟಲ್‌ನಲ್ಲಿ 108 ಡಿಗ್ರಿ ಫ್ಯಾರನ್‌ಹೀಟ್, ಪೋರ್ಟ್‌ಲ್ಯಾಂಡಿನಲ್ಲಿ 116. ಸರಿಯಾಗಿ ಹಣ್ಣು ಕೆಂಪೇರುವ ಹೊತ್ತು. ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ಹಣ್ಣುಗಳು ಗಿಡದಲ್ಲೇ ಬೆಂದವು. ಅಂಥ ಮುನ್ಸೂಚನೆ ಬಂದರೆ ಹಿಂದಿನ ಸಂಜೆಯೇ ಚೆನ್ನಾಗಿ ನೀರು ಕೊಟ್ಟು, ಪಶ್ಚಿಮದ ಬದಿಗೆ ನೆರಳು ಬಲೆಯನ್ನೋ ಹಳೆಯ ಕಾಟನ್ ಸೀರೆಯನ್ನೋ ಕಂಬಕ್ಕೆ ಕಟ್ಟಿ. ಹಣ್ಣಿನಲ್ಲಿ ಅಲ್ಲಲ್ಲಿ ಬಿಳಿ ಗುಳ್ಳೆ ಕಂಡರೆ ಹೆದರಬೇಡಿ. ಅದು ಹೆಚ್ಚಾಗಿ ಬಿಸಿಲಿನ ಪೆಟ್ಟು, ರೋಗ ಅಲ್ಲ. ತಿನ್ನಬಹುದು.

ಕೊಯ್ಲು ಮತ್ತು ಆ ಸಣ್ಣ ನೊಣ

ಬಣ್ಣ ನೋಡಿ ಕೀಳಬೇಡಿ, ಬೆರಳು ಹೇಳುತ್ತೆ. ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಣ್ಣನ್ನು ಹಿಡಿದು ಮೆಲ್ಲಗೆ ಎಳೆದರೆ ಟೋಪಿ ಕಳಚಿದ ಹಾಗೆ ಬರಬೇಕು. ಗಿಡದಲ್ಲಿ ಬಿಳಿ ದಿಂಡು ಉಳಿಯುತ್ತೆ, ಕೈಯಲ್ಲಿ ಒಳಗೆ ಪೊಳ್ಳಾದ ಹಣ್ಣು. ಬರೋದಿಲ್ಲ ಅಂದರೆ ನಾಳೆಗೆ ಬಿಡಿ, ಕಿತ್ತ ಮೇಲೆ ಇದು ಸಿಹಿಯಾಗೋದಿಲ್ಲ. ಬ್ಲ್ಯಾಕ್‌ಬೆರಿಯಲ್ಲಿ ದಿಂಡು ಹಣ್ಣಿನ ಜೊತೆಗೇ ಬರುತ್ತೆ. ಎರಡಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಇದೇ. ನಮ್ಮ ಮಗಳು ಹತ್ತು ಬೆರಳಿಗೂ ಒಂದೊಂದು ಹಣ್ಣು ಟೋಪಿ ಹಾಕಿಕೊಂಡು ಒಂದೊಂದೇ ತಿನ್ನುತ್ತಾ ಬರುತ್ತಾಳೆ.

ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ ಬಿಸಿಲು ಏರುವ ಮೊದಲು ಕೊಯ್ಯಿರಿ. ಎರಡು ದಿನಕ್ಕೊಮ್ಮೆ ತಪ್ಪದೆ. ಆಳದ ಪಾತ್ರೆ ಬೇಡ, ಅಗಲದ ತಟ್ಟೆಯಲ್ಲಿ ಎರಡು ಮೂರು ಪದರಕ್ಕಿಂತ ಜಾಸ್ತಿ ಹಾಕಬೇಡಿ. ತೊಳೆಯದೆ ಫ್ರಿಜ್ಜಿಗೆ. ತಿನ್ನುವ ಮುಂಚೆ ಮಾತ್ರ ತೊಳೆಯೋದು. ಜಾಸ್ತಿ ಬಂದರೆ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ. ನಮ್ಮ ಮನೆಯಲ್ಲಿ ಅದು ಚಳಿಗಾಲದ ರಸಾಯನಕ್ಕೆ. ತೆಂಗಿನಹಾಲು, ಬೆಲ್ಲ, ಏಲಕ್ಕಿ, ಬಾಳೆಹಣ್ಣಿನ ಜೊತೆ ಒಂದು ಹಿಡಿ ರಾಸ್ಪ್‌ಬೆರಿ. ಬಾಳೆಹಣ್ಣಿನ ಸಿಹಿಗೆ ಈ ಹುಳಿ ಚೆನ್ನಾಗಿ ಹೊಂದುತ್ತೆ. ಬೆಲ್ಲದ ಗೊಜ್ಜೂ ಆಗುತ್ತೆ, ಬೀಜ ಹಲ್ಲಿಗೆ ಸಿಗುತ್ತೆ ಅನ್ನೋರು ಜರಡಿಯಲ್ಲಿ ಸೋಸಿಕೊಳ್ಳಿ.

ಎರಡು ದಿನಕ್ಕೊಮ್ಮೆ ಅಂತ ಒತ್ತಿ ಹೇಳೋಕೆ ಕಾರಣ ಒಂದು ನೊಣ. ಡ್ರಾಸೊಫಿಲಾ ಸುಜುಕಿ, ಏಷ್ಯಾದ್ದು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡು ಮುಂದಿನ ವರ್ಷವೇ ನಮ್ಮ ಕಡೆ ಬಂತು. ಸಾಮಾನ್ಯ ಹಣ್ಣಿನ ನೊಣ ಕೊಳೆತ ಹಣ್ಣಿಗೆ ಮುತ್ತುತ್ತೆ. ಇದರ ಹೆಣ್ಣಿಗೆ ಗರಗಸದಂಥ ಅಂಗ ಇದೆ, ಕೆಂಪೇರುತ್ತಿರುವ ಒಳ್ಳೆ ಹಣ್ಣನ್ನೇ ಕೊಯ್ದು ಮೊಟ್ಟೆ ಇಡುತ್ತೆ. ಜೂನಿನ ಬೆಳೆಗೆ ಕಡಿಮೆ, ಆಗಸ್ಟ್ ಸೆಪ್ಟೆಂಬರಿನ ಬೆಳೆಗೆ ಜಾಸ್ತಿ. ಅನುಮಾನ ಬಂದರೆ ಒಂದು ಕಪ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹತ್ತಿಪ್ಪತ್ತು ಹಣ್ಣು ಅರ್ಧ ಗಂಟೆ ಮುಳುಗಿಸಿಡಿ, ಹುಳು ಇದ್ದರೆ ಬಿಳಿ ದಾರದ ಚೂರಿನ ಹಾಗೆ ಹೊರಗೆ ಬರುತ್ತೆ. ಹಿತ್ತಲಿನವರಿಗೆ ಔಷಧಿಗಿಂತ ಚೊಕ್ಕಟವೇ ಮೇಲು. ಹಣ್ಣಾದದ್ದನ್ನು ಗಿಡದಲ್ಲಿ ಬಿಡಬೇಡಿ, ಮೆತ್ತಗಾದದ್ದನ್ನು ಕೂಡ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿಟ್ಟು ಕಸಕ್ಕೆ ಹಾಕಿ, ಕಂಪೋಸ್ಟಿಗೆ ಬೇಡ. ಕೊಯ್ದದ್ದು ತಕ್ಷಣ ಫ್ರಿಜ್ಜಿಗೆ ಹೋಗಲಿ. ತೀರಾ ಕಾಟ ಇದ್ದರೆ ಹೂ ಮುಗಿದ ಮೇಲೆ ಸಣ್ಣ ಕಣ್ಣಿನ ಕೀಟದ ಬಲೆ ಮುಚ್ಚಬಹುದು. ಅದರಿಂದ ಹಕ್ಕಿಯೂ ದೂರ.

ಇನ್ನು ಮಳೆಗಾಲದ ಬೂದು ಬೂಷ್ಟಿಗೆ ಗಾಳಿ ಆಡೋದೇ ಮದ್ದು, ಅಂದರೆ ಮತ್ತೆ ಸವರುವ ಕೆಲಸಕ್ಕೇ ಬಂತು. ಬೇಸಿಗೆಯಲ್ಲಿ ಒಂದೇ ಕಡ್ಡಿ ಇದ್ದಕ್ಕಿದ್ದ ಹಾಗೆ ಬಾಡಿದರೆ ಬುಡ ಮುರಿದು ನೋಡಿ. ಒಳಗೆ ಬಿಳಿ ಹುಳು ಇದ್ದರೆ ಬುಡ ಕೊರೆಯುವ ಹುಳು. ಬುಡ ಸಮೇತ ಅಗೆದು ತೆಗೆಯಿರಿ.

ನೆಲ ಇಲ್ಲದವರಿಗೆ

ಬಾಲ್ಕನಿ ಇದ್ದರೂ ಆಗುತ್ತೆ. ಕನಿಷ್ಠ 15 ಗ್ಯಾಲನ್ ಕುಂಡ, ಅಡಿಯಲ್ಲಿ ತೂತು, ದಿನಾ ನೀರು. ರಾಸ್ಪ್‌ಬೆರಿ ಶಾರ್ಟ್‌ಕೇಕ್ ಅಂತ ಮೂರಡಿ ಮೀರದ, ಮುಳ್ಳಿಲ್ಲದ ಗಿಡ್ಡ ತಳಿ ಇದೆ, ಕುಂಡಕ್ಕೆ ಅದೇ ಸರಿ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಕಂದು ಕೊಡುವಾಗ

ಮೂರನೇ ವರ್ಷಕ್ಕೆ ನಿಮ್ಮ ಹತ್ತಿರ ಬೇಕಾದ್ದಕ್ಕಿಂತ ಜಾಸ್ತಿ ಕಂದು ಇರುತ್ತೆ, ನೆಂಟರು ಸ್ನೇಹಿತರು ಕೇಳೋಕೆ ಶುರು ಮಾಡುತ್ತಾರೆ. ಪೇಟೆಂಟ್ ಇರುವ ತಳಿಯಾದರೆ ಕಂದು ತೆಗೆದು ಹಂಚುವ ಹಾಗಿಲ್ಲ, ಗಿಡದ ಲೇಬಲ್ ನೋಡಿ. ಬೇರು ಕೊಳೆತದ್ದು, ಹಣ್ಣು ಉದುರುವಂಥದ್ದು ಇದ್ದರೆ ಆ ಸಾಲಿನಿಂದ ಯಾರಿಗೂ ಕೊಡಬೇಡಿ, ನಿಮ್ಮ ಮಣ್ಣಿನ ರೋಗ ಅವರ ಹಿತ್ತಲಿಗೂ ಹೋಗುತ್ತೆ. ಗಿಡ ಗಟ್ಟಿಮುಟ್ಟಾಗಿದ್ದರೆ ಫೆಬ್ರವರಿ ಕೊನೆಯಲ್ಲಿ, ಸಾಲಿನಿಂದ ಅರ್ಧ ಅಡಿ ಆಚೆ ಎದ್ದ ಕಂದಿನ ಸುತ್ತ ಸಲಿಕೆಯನ್ನು ನೇರ ಇಳಿಸಿ, ತಾಯಿ ಬೇರಿನ ತುಂಡು ಜೊತೆಗೆ ಬರುವ ಹಾಗೆ ಎತ್ತಿ. ಬೇರಿಗೆ ಒದ್ದೆ ಪೇಪರ್ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಮತ್ತೆ ಒಂದು ಚೀಟಿಯಲ್ಲಿ ತಳಿಯ ಹೆಸರು ಬರೆದು ಕಡ್ಡಿಗೆ ಕಟ್ಟಿ ಕೊಡಿ. ಹೆಸರು ಮರೆತಿದ್ದರೆ ಬೇಸಿಗೆಯದೋ ಶರತ್ಕಾಲದ್ದೋ ಅನ್ನೋದನ್ನಾದರೂ ಬರೆಯಿರಿ.